ಹೆಸರು ಹೇಳದ ಆರೋಪಿ: ‘ಮೇಡಂ ಎಕ್ಸ್’ ನಾಟಕ, ಅದರ ಸಿನಿಮಾಗಳು, ನಮ್ಮ ತುಮಕೂರಿನ ಪ್ರಯೋಗ – ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತುಮಕೂರಿನಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ಹಗಲು ಕೋರ್ಟು, ಸಂಜೆ ನಾಟಕ. ನಮ್ಮ ಹವ್ಯಾಸಿ ತಂಡ ಹೋದ ವರ್ಷ ಒಂದು ಹಳೇ ಫ್ರೆಂಚ್ ನಾಟಕವನ್ನು ಕನ್ನಡಕ್ಕೆ ತಂದು ಆಡಿತು. ಕನ್ನಡದಲ್ಲಿ ಬರೆದಿದ್ದು ನಾನು. ಅವತ್ತಿನಿಂದ ಟೀ ಅಂಗಡಿಯಲ್ಲಿ, ಕೋರ್ಟಿನ ಜಗಲಿಯಲ್ಲಿ, ಫೋನಿನಲ್ಲಿ ಬರೀ ಅವೇ ಪ್ರಶ್ನೆಗಳು. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಬರೆದಿಡುವುದೇ ವಾಸಿ. ಕಥೆಯ ಕೊನೆ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಕಥೆ ಏನು? ಸುಮ್ನೆ ಎರಡು ಮಾತಲ್ಲಿ ಹೇಳಿ.

ಎರಡು ಮಾತಲ್ಲಿ ಆಗಲ್ಲ. ಜಾಕ್ಲೀನ್ ಅಂತ ಒಬ್ಬಳು. ಗಂಡ ಫ್ಲೋರಿಯೊ, ಕಾನೂನು ಕಚೇರಿಯ ದೊಡ್ಡ ಮನುಷ್ಯ. ಆಕೆ ಇನ್ನೊಬ್ಬನ ಜೊತೆ ಮನೆ ಬಿಟ್ಟು ಹೋಗಿರುತ್ತಾಳೆ. ಮಗನಿಗೆ ಹುಷಾರಿಲ್ಲ ಅಂತ ಗೊತ್ತಾಗಿ ಓಡಿ ಬರುತ್ತಾಳೆ. ಗಂಡ ಮಗುವಿನ ಮುಖ ತೋರಿಸದೆ ಹೊರಗೆ ಹಾಕುತ್ತಾನೆ. ಅಲ್ಲಿಂದ 20 ವರ್ಷ ಕುಡಿತ, ಅಲೆದಾಟ. ಕೊನೆಗೆ ಲಾರೋಕ್ ಎಂಬ ಪೋಕರಿಯ ಜೊತೆ ದಕ್ಷಿಣ ಅಮೆರಿಕದಿಂದ ಫ್ರಾನ್ಸಿಗೆ ವಾಪಸ್ ಬರುತ್ತಾಳೆ. ಇವಳ ಗಂಡ ಯಾರು ಅಂತ ಅವನಿಗೆ ಗೊತ್ತಾಗುತ್ತದೆ. ಹೆದರಿಸಿ ದುಡ್ಡು ಕೀಳೋಣ ಅಂತ ಹೊರಡುತ್ತಾನೆ. ತಾನು ಏನಾಗಿದ್ದೇನೆ ಅನ್ನುವುದು ಮಗನ ಕಿವಿಗೆ ಬೀಳಬಾರದು ಅಂತ ಆ ಲಾರೋಕನಿಗೆ ಗುಂಡು ಹೊಡೆಯುತ್ತಾಳೆ. ಆಮೇಲೆ ಬಾಯಿ ಮುಚ್ಚಿದವಳು ಹೆಸರು ಹೇಳುವುದೇ ಇಲ್ಲ. ಸಹಿಯ ಜಾಗದಲ್ಲಿ ಒಂದು ಎಕ್ಸ್ ಗುರುತು. ಅವಳ ಪರ ವಾದಿಸಲು ಕೋರ್ಟು ಒಬ್ಬ ಹೊಸ ವಕೀಲನನ್ನು ಗೊತ್ತು ಮಾಡುತ್ತದೆ. ಅವನಿಗೆ ಅದು ಮೊದಲ ಕೇಸು. ಅವನು ಅವಳ ಮಗ. ಅವನಿಗೆ ಅದು ಗೊತ್ತಿಲ್ಲ.

ಬರೆದವರು ಯಾರು?

ಅಲೆಕ್ಸಾಂದ್ರ್ ಬಿಸ್ಸೋನ್. ಹುಟ್ಟಿದ್ದು 1848, ತೀರಿಕೊಂಡಿದ್ದು 1912. ಮೂಲ ಹೆಸರು ‘ಲಾ ಫಾಮ್ ಎಕ್ಸ್’, ಅಂದರೆ ಎಕ್ಸ್ ಎಂಬ ಹೆಂಗಸು. 1908ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. 1910ರ ಫೆಬ್ರವರಿಯಲ್ಲಿ ಇಂಗ್ಲಿಷಿನಲ್ಲಿ ‘ಮೇಡಂ ಎಕ್ಸ್’ ಆಗಿ ನ್ಯೂಯಾರ್ಕಿಗೆ ಬಂತು. ಅಲ್ಲಿ ಡೊರೊತಿ ಡಾನೆಲಿ ತಾಯಿಯ ಪಾತ್ರ ಮಾಡಿದರು.

ತಮಾಷೆ ಏನು ಗೊತ್ತಾ? ಈ ಬಿಸ್ಸೋನ್ ಜೀವನವಿಡೀ ಬರೆದಿದ್ದು ಜಾಸ್ತಿ ನಗೆನಾಟಕ. 1888ರಲ್ಲಿ ಇನ್ನೊಬ್ಬರ ಜೊತೆ ಸೇರಿ ಬರೆದ ಒಂದು ನಾಟಕದಲ್ಲಿ ಅತ್ತೆಯ ಕಾಟ ತಡೆಯಲಾಗದೆ ಒಬ್ಬ ಹೆಂಡತಿಗೆ ಸೋಡಾಚೀಟಿ ಕೊಡುತ್ತಾನೆ. ಬೇರೆ ಮದುವೆ ಆಗುತ್ತಾನೆ. ಹೊಸ ಮಾವ ಹೋಗಿ ಇವನ ಹಳೇ ಹೆಂಡತಿಯನ್ನೇ ಕಟ್ಟಿಕೊಳ್ಳುತ್ತಾನೆ! ಹಳೇ ಅತ್ತೆ ಮತ್ತೆ ಮನೆಗೆ ಹಾಜರ್. ಇಷ್ಟು ನಗಿಸಿದ ಮನುಷ್ಯ ಅರವತ್ತರ ಹತ್ತಿರ ಬಂದು ಊರನ್ನೆಲ್ಲ ಅಳಿಸಿದ. ಆ ಅತ್ತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾಳೆ.

ಇದು ಕುಂತಿ-ಕರ್ಣರ ಕಥೆನೇ ಅಲ್ವಾ?

ಗುಬ್ಬಿ ಕಡೆಯ ಒಬ್ಬ ಯಜಮಾನರು ಮಧ್ಯಂತರದಲ್ಲೇ ಎದ್ದು ಬಂದು ಇದನ್ನು ಕೇಳಿದರು. ನಮ್ಮ ಜಿಲ್ಲೆಯಲ್ಲಿ ‘ಕುರುಕ್ಷೇತ್ರ’ ಆಡದ ಹಳ್ಳಿ ಹುಡುಕಬೇಕು. ಪಾತ್ರಕ್ಕೆ ದುಡ್ಡು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಬಾಡಿಗೆ ಸೀನರಿ ಕಟ್ಟಿ ಬೆಳಗಾಗುವ ತನಕ ಆಡುವ ಜನ ನಾವು. ಹಾಗಾಗಿ ತಾಯಿಗೆ ಗೊತ್ತು, ಮಗನಿಗೆ ಗೊತ್ತಿಲ್ಲ ಅನ್ನುವ ಸಂಕಟವನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ರಾಜಕುಮಾರರ ಶಸ್ತ್ರವಿದ್ಯೆಯ ಪರೀಕ್ಷೆಯ ದಿನ ಕರ್ಣ ಅರ್ಜುನನ ಎದುರು ನಿಂತಾಗ ಕುಂತಿ ಮೂರ್ಛೆ ಹೋಗುತ್ತಾಳೆ, ಕರ್ಣನ ಕುಲ ಯಾವುದು ಅಂತ ಕೃಪಾಚಾರ್ಯ ಕೇಳಿದಾಗಲೂ ಬಾಯಿ ಬಿಡುವುದಿಲ್ಲ. ಅಲ್ಲಿ ಮೌನಕ್ಕೆ ಬೆಲೆ ತೆತ್ತವನು ಮಗ. ಇಲ್ಲಿ ಮೌನಕ್ಕೆ ಬೆಲೆ ತೆರುವವಳು ತಾಯಿಯೇ. ಅದಕ್ಕಾಗಿ ಅವಳು ಗಲ್ಲಿಗೂ ತಯಾರು. ಯಜಮಾನರಿಗೆ ಇದನ್ನು ಹೇಳಿದೆ. ‘ಸರಿ ಬುಡಿ, ಆದ್ರೂ ಕುಂತಿನೇ’ ಅಂದು ಒಳಗೆ ಹೋದರು.

ಎಷ್ಟು ಸಲ ಸಿನಿಮಾ ಆಗಿದೆ?

ಲೆಕ್ಕ ಇಡುವುದು ಕಷ್ಟ. ಅಮೆರಿಕದಲ್ಲೇ 1916, 1920, 1929, 1937, 1966. ಟೀವಿಗೆ 1981ರಲ್ಲಿ, ಟ್ಯೂಸ್ಡೇ ವೆಲ್ಡ್ ಜೊತೆ. ಮೆಕ್ಸಿಕೊದಲ್ಲಿ 1955ರಲ್ಲಿ ಲಿಬೆರ್ತಾದ್ ಲಮಾರ್ಕೆ, ಈಜಿಪ್ಟಿನಲ್ಲಿ 1959ರಲ್ಲಿ ಶಾದಿಯಾ ಆ ಪಾತ್ರ ಮಾಡಿದರು. ನಟಿಯರಿಗೆ ಈ ಪಾತ್ರ ಅಂದರೆ ಪ್ರಾಣ. ಒಂದೇ ಕಥೆಯಲ್ಲಿ ಇಪ್ಪತ್ತರ ಚೆಲುವೆಯೂ ಆಗಬಹುದು, ಹಲ್ಲು ಉದುರಿದ ಕುಡುಕಿಯೂ ಆಗಬಹುದು.

1916 ಮತ್ತು 1920ರವು ಮೂಕಿ ಚಿತ್ರಗಳು. ಕೋರ್ಟ್ ನಾಟಕವನ್ನು ಮಾತಿಲ್ಲದೆ ತೆಗೆಯುವುದು ಅಂದರೆ ಉಪ್ಪಿಲ್ಲದ ಸಾರು ಅಂತ ನಾನೂ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು: ವಕೀಲನಿಗೆ ಮಾತು ಬೇಕು, ಈ ಹೆಂಗಸಿಗೆ ಬೇಡ. ಅವಳದ್ದು ಸುಮ್ಮನಿರುವ ಪಾತ್ರ. 1916ರ ಚಿತ್ರದಲ್ಲಿ ನಟಿಸಿದ್ದೂ ನ್ಯೂಯಾರ್ಕ್ ರಂಗದ ಅದೇ ಡೊರೊತಿ ಡಾನೆಲಿ. 1920ರದ್ದರಲ್ಲಿ ಪಾಲಿನ್ ಫ್ರೆಡರಿಕ್.

ಒಂದೇ ಒಂದು ನೋಡ್ತೀನಿ ಅಂದ್ರೆ ಯಾವುದು?

1929ರದ್ದು. ನಿರ್ದೇಶನ ಲಯನಲ್ ಬ್ಯಾರಿಮೋರ್, ತಾಯಿಯಾಗಿ ರೂತ್ ಚಾಟರ್ಟನ್. ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಇಬ್ಬರಿಗೂ ಬರಲಿಲ್ಲ. ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿತ್ತು. ಪಾತ್ರಗಳು ಮೈಕ್ ಎಲ್ಲಿದೆಯೋ ಅಲ್ಲೇ ನಿಂತು ಮಾತಾಡುತ್ತವೆ ಅನ್ನಿಸುತ್ತದೆ. ನಮಗೇನು, ಕಂಪನಿ ನಾಟಕ ನೋಡಿ ಬೆಳೆದವರಿಗೆ ಅದು ತೊಂದರೆಯೇ ಅಲ್ಲ. 1937ರದ್ದು ಪರವಾಗಿಲ್ಲ. ಗ್ಲಾಡಿಸ್ ಜಾರ್ಜ್ ಚೆನ್ನಾಗಿ ಮಾಡಿದ್ದಾರೆ.

1966ರ ಸಿನಿಮಾದಲ್ಲಿ ಅತ್ತೆ ಇದ್ದಾಳೆ, ನಾಟಕದಲ್ಲಿ ಇಲ್ಲ. ಯಾಕೆ?

ಬಂತಲ್ಲ ಅತ್ತೆ! ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ ಇದು.

ಮೂಲ ನಾಟಕದಲ್ಲಿ ಹೆಂಗಸು ತಪ್ಪು ಮಾಡಿದ್ದಾಳೆ, ಗಂಡ ಕ್ಷಮಿಸಲಿಲ್ಲ. ಲೆಕ್ಕ ಅಷ್ಟೇ. ಅವಳು ಹಾಳಾಗಿದ್ದಕ್ಕೆ ಗಂಡನ ಗರ್ವವೇ ಕಾರಣ, ಅದು ಅವನಿಗೂ ಗೊತ್ತು. 1966ರಲ್ಲಿ ನಿರ್ಮಾಪಕ ರಾಸ್ ಹಂಟರ್, ನಿರ್ದೇಶಕ ಡೇವಿಡ್ ಲೊವೆಲ್ ರಿಚ್ ಅದನ್ನೇ ಬದಲಾಯಿಸಿದರು. ಇಲ್ಲಿ ಗಂಡ ರಾಜಕೀಯದಲ್ಲಿ ಮೇಲೆ ಬರುತ್ತಿರುವ ಒಳ್ಳೆಯ ಮನುಷ್ಯ, ಸದಾ ಊರೂರು ಸುತ್ತಾಟ. ಒಂಟಿಯಾದ ಹೆಂಡತಿಗೆ ಇನ್ನೊಬ್ಬನ ಸ್ನೇಹ ಆಗುತ್ತದೆ. ಆ ಮನುಷ್ಯ ಅಕಸ್ಮಾತ್ ಬಿದ್ದು ಸಾಯುತ್ತಾನೆ. ಅದನ್ನೇ ಹಿಡಿದುಕೊಂಡು ಅತ್ತೆ ಸೊಸೆಯನ್ನು ಓಡಿಸುತ್ತಾಳೆ. ಹೇಗೆ ಅಂತೀರಾ? ಸಮುದ್ರಕ್ಕೆ ಬಿದ್ದು ಸತ್ತಳು ಅಂತ ಲೋಕವನ್ನು ನಂಬಿಸಿ! ಗಂಡನಿಗೆ ಏನೂ ಗೊತ್ತಿಲ್ಲ, ಪಾಪ. ಎಲ್ಲ ತಪ್ಪೂ ಅತ್ತೆಯ ತಲೆಗೆ.

ಸೊಸೆ ಲಾನಾ ಟರ್ನರ್. ಅತ್ತೆ ಕಾನ್ಸ್‌ಟನ್ಸ್ ಬೆನೆಟ್. ಅದು ಅವರ ಕೊನೆಯ ಚಿತ್ರ, ತೆರೆಗೆ ಬರುವ ಮೊದಲೇ 1965ರಲ್ಲಿ ತೀರಿಕೊಂಡರು. ಟರ್ನರ್ ಕಟಕಟೆಯಲ್ಲಿ ನಿಂತಾಗ ಆ ಕಾಲದ ಅಮೆರಿಕನ್ನರಿಗೆ ಬೇರೆ ಏನೋ ನೆನಪಾಗಿರಬೇಕು. 1958ರಲ್ಲಿ ಆಕೆಯ ಮನೆಯಲ್ಲೇ ಆಕೆಯ ಗೆಳೆಯ ಇರಿತದಿಂದ ಸತ್ತು, ವಿಚಾರಣೆಯಲ್ಲಿ ಆಕೆ ನಿಜವಾಗಿ ಸಾಕ್ಷಿ ಹೇಳಿದ್ದರು.

ನಮ್ಮ ರಿಹರ್ಸಲ್ಲಿನಲ್ಲೂ ಇದೇ ಜಗಳ ಆಯಿತು. ನಮ್ಮ ಹಾರ್ಮೋನಿಯಂ ಮೇಷ್ಟ್ರಿಗೆ ಅತ್ತೆ ಬೇಕೇ ಬೇಕು. ‘ಅತ್ತೆ ಇಲ್ದೆ ಹೆಂಗಸ್ರು ಅಳಲ್ಲ ಕಣ್ರೀ’ ಅಂದರು. ನಾನೂ ಅರ್ಧ ಒಪ್ಪಿ, ಅತ್ತೆಗೆ ಎರಡು ಪುಟ ಮಾತು ಬರೆದುಕೊಂಡು ಹೋಗಿದ್ದೆ. ತಾಯಿ ಪಾತ್ರದ ಅಕ್ಕ ಹೈಸ್ಕೂಲ್ ಟೀಚರ್. ಪೂರ್ತಿ ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: ‘ಮೇಷ್ಟ್ರೇ, ಅತ್ತೆ ಓಡಿಸುವಾಗ ಗಂಡ ಎಲ್ಲಿದ್ದ? ಕಡ್ಲೆಪುರಿ ತಿಂತಿದ್ನಾ?’ ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಎರಡು ಪುಟ ಹರಿದು ಹಾಕಿದೆ. ಗಂಡನನ್ನು ಉಳಿಸಲು ಅತ್ತೆಯನ್ನು ಕರೆತರುವುದು ಹಾಲಿವುಡ್ಡಿನಲ್ಲೂ ಅಷ್ಟೇ, ನಮ್ಮ ಸೀರಿಯಲ್ಲುಗಳಲ್ಲೂ ಅಷ್ಟೇ. ನಗೆನಾಟಕದಲ್ಲಿ ಅತ್ತೆಯನ್ನು ಅಷ್ಟು ಕುಣಿಸಿದ ಬಿಸ್ಸೋನ್ ಅಳುವ ನಾಟಕಕ್ಕೆ ಅವಳನ್ನು ಕರೆಯಲಿಲ್ಲ ನೋಡಿ.

ನಮ್ಮ ದೇಶದಲ್ಲಿ ಇಂಥ ಕಥೆ ಬಂದಿಲ್ವಾ?

ಹತ್ತಿರದ್ದು ಬಂದಿದೆ. ಬಂಗಾಳಿಯಲ್ಲಿ 1963ರ ‘ಉತ್ತರ ಫಾಲ್ಗುಣಿ’, ಅದೇ ಹಿಂದಿಯಲ್ಲಿ 1966ರ ‘ಮಮತಾ’. ಎರಡಕ್ಕೂ ಅಸಿತ್ ಸೇನ್ ನಿರ್ದೇಶನ. ತಾಯಿ, ಮಗಳು ಎರಡೂ ಸುಚಿತ್ರಾ ಸೇನ್. ಅಲ್ಲೂ ತಾಯಿಯ ಕೈಯಲ್ಲಿ ಕೊಲೆ ಆಗುತ್ತದೆ, ಮಗಳು ವಕೀಲೆ. ತಮಿಳಿನಲ್ಲಿ 1970ರಲ್ಲಿ ಕೆ. ಬಾಲಚಂದರ್ ಇದನ್ನೇ ‘ಕಾವಿಯ ತಲೈವಿ’ ಅಂತ ಮಾಡಿದರು, ಸೌಕಾರ್ ಜಾನಕಿ ಅಭಿನಯ. ಇವು ನಿಹಾರ್ ರಂಜನ್ ಗುಪ್ತರ ಕಥೆಯಿಂದ ಬಂದವು, ಬಿಸ್ಸೋನ್ ನಾಟಕದ ಅನುವಾದ ಅಂದುಕೊಳ್ಳಬೇಡಿ.

ತುಮಕೂರಿಗೆ ತರುವಾಗ ಏನೇನು ಬದಲಾಯಿಸಿದಿರಿ?

ಮೊದಲು ಕಾಲ. ಇವತ್ತು ಇಟ್ಟರೆ ಮೊಬೈಲು, ಸಿಸಿಟಿವಿ, ಬ್ಯಾಂಕ್ ಖಾತೆ ಅಂತ ಹೆಸರು ಎರಡೇ ದಿನದಲ್ಲಿ ಹೊರಗೆ ಬರುತ್ತದೆ. ಅದಕ್ಕೇ 1985ಕ್ಕೆ ಇಟ್ಟೆವು.

ಎರಡನೆಯದು ಕುಡಿತ. ಮೂಲದಲ್ಲಿ ಆಕೆ ಕುಡಿಯುವುದು ಆಬ್ಸಿಂತ್ ಎಂಬ ಹಸಿರು ಮದ್ಯ. ಅದನ್ನು ಫ್ರಾನ್ಸ್ 1915ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಅದರ ಜಾಗಕ್ಕೆ ಪಾಕೆಟ್ ಸಾರಾಯಿ. ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ, ಹಾಗಾಗಿ ಕಾಲ ಸರಿಹೋಯಿತು. ಅಕ್ಕ ಪಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಉಗಿದದ್ದು ನೋಡಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ‘ಅಭ್ಯಾಸ ಇರೋರ ಥರಾನೇ’ ಅಂದರಂತೆ. ಒಳಗೆ ಇದ್ದದ್ದು ನೀರು, ಮಾರಾಯ್ರೇ.

ಮೂರನೆಯದು ಜ್ಯೂರಿ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳಲು ಕೋರ್ಟಿನಲ್ಲಿ ಕೂರಿಸುವ ಸಾಮಾನ್ಯ ಜನರ ಗುಂಪು. ಇದು ತಲೆನೋವಾಯಿತು. ಫ್ರೆಂಚ್ ನಾಟಕದಲ್ಲಿ ಮಗ ವಾದಿಸುವುದು ಜ್ಯೂರಿಯ ಎದುರು. ನಮ್ಮಲ್ಲಿ ಅದು ಎಂದೋ ಹೋಯಿತು. 1959ರ ನಾನಾವತಿ ಕೇಸಿನಲ್ಲಿ, ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿಯನ್ನು ಬಾಂಬೆಯ ಜ್ಯೂರಿ 8–1ರಲ್ಲಿ ನಿರಪರಾಧಿ ಅಂದಿತು. ಸೆಷನ್ಸ್ ಜಡ್ಜ್ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆ ಆಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಹನ್ನೆರಡು ಜನ ಸಾಮಾನ್ಯರನ್ನು ಅಳಿಸುವ ಭಾಷಣ ಬೇರೆ, ದಿನಕ್ಕೆ ನಲವತ್ತು ಕೇಸು ಕರೆಯುವ ಜಡ್ಜ್ ಎದುರಿನ ಮಾತು ಬೇರೆ. ಭಾಷಣ ಅರ್ಧಕ್ಕೆ ಇಳಿಯಿತು. ಮಧ್ಯದಲ್ಲಿ ಜಡ್ಜ್ ‘ಪಾಯಿಂಟ್‌ಗೆ ಬನ್ನಿ’ ಅನ್ನುತ್ತಾರೆ. ಅಲ್ಲಿ ವಕೀಲರು ಕೂತಿದ್ದ ಸಾಲಿನಿಂದ ಜೋರು ಚಪ್ಪಾಳೆ.

ಜಡ್ಜ್ ಸುತ್ತಿಗೆ ಯಾಕೆ ಬಡಿಯಲ್ಲ? ಗೀತೆ ಮೇಲೆ ಕೈ ಯಾಕೆ ಇಡಿಸಲ್ಲ?

ನಿಜವಾದ ಕೋರ್ಟಿನಲ್ಲಿ ಸುತ್ತಿಗೆ ಇಲ್ಲ. ಇಷ್ಟು ವರ್ಷದಲ್ಲಿ ನಾನು ಒಂದೂ ನೋಡಿಲ್ಲ. ಗಲಾಟೆ ಆದರೆ ದಫೇದಾರ್ ‘ಶ್’ ಅನ್ನುತ್ತಾನೆ, ಅಷ್ಟೇ. ಗೀತೆಯೂ ಅಷ್ಟೇ. 1969ರ ಪ್ರಮಾಣ ಕಾಯ್ದೆ ಪ್ರಕಾರ ಸಾಕ್ಷಿ ಬಾಯಲ್ಲಿ ಪ್ರಮಾಣ ಹೇಳಿದರೆ ಸಾಕು, ಪುಸ್ತಕ ಬೇಡ. ಆರೋಪಿಯ ಹೇಳಿಕೆಗಂತೂ ಪ್ರಮಾಣವೇ ಇಲ್ಲ.

ಬಾಡಿಗೆ ಸೀನರಿಯವರ ಹತ್ತಿರ ಅರಮನೆ ಇತ್ತು, ಕಾಡು ಇತ್ತು, ಕೈಲಾಸ ಇತ್ತು, ಕೋರ್ಟ್ ಇರಲಿಲ್ಲ. ಬಡಗಿಯೊಬ್ಬರು ಹಳೇ ಮನೆಯ ಮೆಟ್ಟಿಲ ಕಂಬಿಗಳಿಂದ ಕಟಕಟೆ ಮಾಡಿಕೊಟ್ಟರು. ಮಗನ ಪಾತ್ರದವನಿಗೆ ನಮ್ಮ ಸಾಹೇಬರ ಹಳೇ ಗೌನ್. ಭುಜದ ಮೇಲೆ ಕಪ್ಪು ಬಣ್ಣ ಹೋಗಿ ಹಸಿರು ತಿರುಗಿತ್ತು. ಹೊಸ ವಕೀಲನಿಗೆ ಹಳೇ ಗೌನ್ ಯಾಕೆ ಅಂತ ಕೇಳಿದರು. ಸೀನಿಯರ್ ಕೊಟ್ಟದ್ದು, ಅಷ್ಟೂ ಗೊತ್ತಾಗಲ್ವಾ?

ಹೆಸರು ಹೇಳದೆ ಆರೋಪಿ ನಿಜವಾಗಿ ಸುಮ್ಮನಿರಬಹುದಾ?

ಪ್ರಶ್ನೆಗಳಿಗೆ ಉತ್ತರ ಕೊಡದೆ ಇರಬಹುದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ಸಂವಿಧಾನದ 20(3)ನೇ ವಿಧಿ ಇರುವುದೇ ಅದಕ್ಕೆ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ಜಡ್ಜ್ ಆರೋಪಿಯನ್ನೇ ಕೇಳುವ ಒಂದು ಹಂತ ಇದೆ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 313ನೇ ಕಲಂ, ಕೋರ್ಟಿನಲ್ಲಿ ಎಲ್ಲರೂ ‘ತ್ರೀ ಥರ್ಟೀನ್’ ಅನ್ನುವುದು ಅದಕ್ಕೇ. ಅಲ್ಲಿ ಉತ್ತರ ಕೊಡದಿದ್ದರೆ ಅದಕ್ಕೆ ಅಂತ ಶಿಕ್ಷೆ ಇಲ್ಲ. ಈಗ ಅದು ಆ ಹಳೇ ಸಂಹಿತೆಯ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 351ನೇ ಕಲಂ. ಬಡವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದು ಆಗ 304, ಈಗ 341. ನಮ್ಮ ನಾಟಕ 1985ರದ್ದು, ಅದಕ್ಕೇ ಹಳೇ ನಂಬರು.

ಅಪ್ಪನನ್ನೇ ಜಡ್ಜ್ ಮಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತಲ್ವಾ?

ಸಂಬಂಧಿಕರು ಜಡ್ಜ್ ಆಗಿರುವ ಕೋರ್ಟಿನಲ್ಲಿ ವಕೀಲ ವಾದಿಸುವ ಹಾಗಿಲ್ಲ. ಅದು ಬಾರ್ ಕೌನ್ಸಿಲ್ ನಿಯಮ. ಅಪ್ಪ ಹಿಂದಿನ ಬೆಂಚಿನಲ್ಲಿ ಕೂತು ಬೆವರಲಿ.

ಕನ್ನಡದಲ್ಲಿ ಹೆಸರು ಏನಿಟ್ಟಿರಿ? ‘ಎಕ್ಸ್’ ಯಾಕಿಲ್ಲ?

ಎಕ್ಸ್ ಅಂದರೆ ನಮಗೆ ಲೆಕ್ಕದ ಮೇಷ್ಟ್ರು ನೆನಪಾಗುತ್ತಾರೆ. ಸಹಿ ಬಾರದವರು ಇಲ್ಲಿ ಒತ್ತುವುದು ಹೆಬ್ಬೆಟ್ಟು. ಆದರೆ ಹೆಬ್ಬೆಟ್ಟು ಯಾರು ಅಂತ ತೋರಿಸಿಬಿಡುತ್ತದೆ, ಎಕ್ಸ್ ಮುಚ್ಚಿಡುತ್ತದೆ. ಕೊನೆಗೆ ‘ಹೆಸರು ಹೇಳಲ್ಲ’ ಅಂತಲೇ ಇಟ್ಟೆವು.

ಅದು ಹೊಳೆದದ್ದು ಒಂದು ದೃಶ್ಯದಿಂದ. ಬೆಂಚ್ ಕ್ಲರ್ಕ್ ಕೇಳುತ್ತಾನೆ: ‘ಗಂಡನ ಹೆಸರು?’ ಅವಳು ತಲೆ ತಗ್ಗಿಸುತ್ತಾಳೆ. ಮತ್ತೆ ಕೇಳುತ್ತಾನೆ. ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಾಳೆ. ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಡಿದ ದಿನ, ಈ ಜಾಗದಲ್ಲಿ ಅಜ್ಜಿಯರ ಸಾಲಿನಲ್ಲಿ ಕಿಸಕ್ಕನೆ ನಗು. ಗಂಡನ ಹೆಸರು ಹೇಳಬಾರದು ಅನ್ನುವ ಪದ್ಧತಿಯಲ್ಲಿ ಬಾಳಿದವರು, ಮದುವೆ ಮನೆಯಲ್ಲಿ ಒಗಟು ಕಟ್ಟಿ ಹೇಳಿದವರು. ಇವಳಿಗೂ ನಾಚಿಕೆ ಅಂದುಕೊಂಡರು. ಆಮೇಲೆ ಕ್ಲರ್ಕ್ ‘ಮಕ್ಕಳು?’ ಅಂದ. ಅವಳು ಎರಡು ಹೆಜ್ಜೆ ದೂರದಲ್ಲಿ ನಿಂತ ವಕೀಲನ ಕಡೆ ನೋಡಲಿಲ್ಲ. ನೋಡಬಾರದು ಅಂತ ಕಟಕಟೆಯ ಕಂಬಿ ಗಟ್ಟಿಯಾಗಿ ಹಿಡಿದಳು. ನಗು ನಿಂತಿತು. ಹಿಂದೆ ಪರದೆ ಹಗ್ಗ ಹಿಡಿದು ನಿಂತಿದ್ದ ನನಗೆ ಫ್ಯಾನಿನ ಸದ್ದು ಕೇಳಿಸಿತು.

ಹಾಡು ಇದೆಯಾ?

ಮೂರು ಇವೆ. ಮೆಲೊಡ್ರಾಮಾ ಅನ್ನುವುದರ ಮೂಲದಲ್ಲೇ ಹಾಡು ಇದೆ, ಗ್ರೀಕಿನ ‘ಮೆಲೋಸ್’ ಅಂದರೆ ಹಾಡು. ಅದನ್ನು ಬೈಗುಳದ ಹಾಗೆ ಬಳಸುವವರ ಜೊತೆ ನನಗೆ ಜಗಳ ಇದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನೆಲದಲ್ಲಿ ಕೂತು ಅಳುವುದಕ್ಕೆ ನಾಚಿಕೆ ಪಟ್ಟರೆ ಹೇಗೆ? ಆದರೆ ಕೋರ್ಟಿನೊಳಗೆ ಹಾಡು ಬೇಡ ಅಂತ ಹಠ ಹಿಡಿದೆ. ಮೇಷ್ಟ್ರು ಎರಡು ದಿನ ಮಾತು ಬಿಟ್ಟರು.

ನಾವೂ ಆಡಬಹುದಾ? ಹಕ್ಕಿನ ತೊಂದರೆ ಇದೆಯಾ?

ಮೂಲ ನಾಟಕಕ್ಕೆ ಇಲ್ಲ. ಭಾರತದಲ್ಲಿ ಲೇಖಕ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಬಿಸ್ಸೋನ್ ಹೋಗಿ 100 ವರ್ಷ ದಾಟಿತು. 1966ರ ಸಿನಿಮಾದ ಅತ್ತೆಯನ್ನು ಮಾತ್ರ ಎತ್ತಿಕೊಳ್ಳಬೇಡಿ, ಆಕೆ ಬೇರೆಯವರ ಸೊತ್ತು. ನನ್ನ ಕನ್ನಡ ರೂಪ ಬೇಕಾದರೆ ಒಂದು ಮಾತು ಕೇಳಿ, ಕೊಡುತ್ತೇನೆ.

ಇನ್ನೂ ಇಂಥ ಕೋರ್ಟ್ ನಾಟಕ ಹೇಳಿ.

ಅಗಾಥಾ ಕ್ರಿಸ್ಟಿಯ ‘ವಿಟ್ನೆಸ್ ಫಾರ್ ದ ಪ್ರಾಸಿಕ್ಯೂಷನ್’. ನಾಟಕ ಆಡಿದ್ದು 1953, ಬಿಲ್ಲಿ ವೈಲ್ಡರ್ ಸಿನಿಮಾ 1957. ಕೋರ್ಟೇ ಇಲ್ಲದ ಕೋರ್ಟ್ ಬೇಕಾದರೆ ವಿಜಯ್ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’. ಅಲ್ಲೂ ಕಟಕಟೆಯಲ್ಲಿ ಒಬ್ಬ ಹೆಂಗಸು. ಸುಮ್ನೆ ಆಟ ಅಂತ ಶುರುವಾದ ವಿಚಾರಣೆ ಅವಳನ್ನು ಹರಿದು ತಿನ್ನುತ್ತದೆ. ಅದಕ್ಕೆ ನಮ್ಮ ತಂಡದ ಧೈರ್ಯ ಇನ್ನೂ ಸಾಲದು.

ಕೊನೆಗೆ ಮಗನಿಗೆ ಗೊತ್ತಾಗುತ್ತಾ ಇಲ್ವಾ?

ಬಿಸ್ಸೋನ್ ನಾಟಕದಲ್ಲಿ ಗೊತ್ತಾಗುತ್ತದೆ, ಆಕೆ ಅವನ ತೋಳಿನಲ್ಲಿ ಪ್ರಾಣ ಬಿಡುತ್ತಾಳೆ. 1966ರ ಸಿನಿಮಾದಲ್ಲಿ ತೀರ್ಪಿಗೆ ಮೊದಲೇ ಸಾಯುತ್ತಾಳೆ, ಮಗನಿಗೆ ಗೊತ್ತಾಗುವುದೇ ಇಲ್ಲ. ಗಂಡನನ್ನು ಉಳಿಸಿದ್ದಕ್ಕೆ ಆ ಸಿನಿಮಾದ ಮೇಲೆ ಸಿಟ್ಟಿದ್ದರೂ ಈ ಕೊನೆ ನನಗೆ ಹಿಡಿಸಿತು.

ನಮ್ಮದರಲ್ಲಿ ಆಕೆ ಬಿಡುಗಡೆಯಾಗಿ, ಸಂಜೆಯೇ ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾಳೆ. ಹೆಣ ಬಿಡಿಸಿಕೊಳ್ಳಲು ಯಾರೂ ಇಲ್ಲ. ವಕೀಲ ಹೋಗುತ್ತಾನೆ. ಗುಮಾಸ್ತ ಫಾರಂ ತುಂಬುತ್ತಿದ್ದಾನೆ. ಆ ಗುಮಾಸ್ತ ನಾನೇ, ನನಗೆ ಇದ್ದದ್ದು ಅದೊಂದೇ ಪಾತ್ರ. ‘ಮೃತರ ಹೆಸರು?’ ಅನ್ನುತ್ತೇನೆ. ಅವನು ಗೊತ್ತಿಲ್ಲ ಅನ್ನುತ್ತಾನೆ. ‘ಮೃತರಿಗೆ ನೀವು ಏನಾಗಬೇಕು ಸಾರ್?’ ಅವನು ಪೆನ್ನು ಇಸ್ಕೊಂಡು ಸುಮ್ಮನೆ ನಿಲ್ಲುತ್ತಾನೆ. ಬಾಗಿಲ ಹತ್ತಿರ ಅಪ್ಪ ನಿಂತಿದ್ದಾನೆ, ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಮಗ ‘ವಕೀಲ’ ಅಂತ ಬರೆಯಬೇಕು, ಬೆಳಕು ಆರಬೇಕು.

ಎರಡನೇ ಪ್ರದರ್ಶನದಲ್ಲಿ ಅವನು ಪೆನ್ನು ಹಿಡಿದು ನಿಂತಾಗ, ಕತ್ತಲಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು: ‘ಮಗ ಅಂತ ಬರಿಯಪ್ಪಾ!’ ಹುಡುಗನ ಕೈ ನಡುಗಿತು. ಲೈಟಿನ ಹುಡುಗ ಸ್ವಿಚ್ ಆರಿಸುವುದನ್ನೇ ಮರೆತ.